ಮಡಚಿ ಕಳಿಸುವ ವ್ಯಾಗನ್ನು

ಷೆಡ್ಡಿನ ಬಾಗಿಲ ಮೇಲೆ ‘ಬಾಡಿ ಬಿಲ್ಡರ್ಸ್’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದು ಅವಳ ಅಪ್ಪ. ಲಾರಿ, ವ್ಯಾಗನ್ನುಗಳಿಗೆ ಬಾಡಿ ಕಟ್ಟುವ ಜಾಗ ಅದು ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಹೆಗಲಿಗೆ ಟವೆಲ್ ಹಾಕಿಕೊಂಡು ಯಾರಾದರೊಬ್ಬರು ಬಂದು, "ಬೆಳಿಗ್ಗೆ ಬ್ಯಾಚ್ ಇದ್ಯಾ?" ಎಂದು ಕೇಳುವುದು ಮಾತ್ರ ನಿಂತಿರಲಿಲ್ಲ.

ಹಾಗಾಗಿ ಆ ದಿನ ಬ್ಯಾಗು ನೇತುಹಾಕಿಕೊಂಡ ಒಬ್ಬ ಗಂಡಸು ಬಾಗಿಲಲ್ಲಿ ನಿಂತು ಆಚೀಚೆ ನೋಡುತ್ತಿದ್ದಾಗ, ಅವಳು ಡ್ರಾಯಿಂಗಿನಿಂದ ತಲೆ ಎತ್ತದೆಯೇ ಹೇಳಿದಳು.

"ಜಿಮ್ ಪಕ್ಕದ ರಸ್ತೇಲಿ. ಮೆಡಿಕಲ್ ಶಾಪ್ ಮೇಲೆ."

ತಲೆ ಎತ್ತಿದಾಗ ಅವನು ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದ.

"ಅಷ್ಟೊಂದು ಕೆಟ್ಟಿದೆಯಾ ಮೇಡಂ ನನ್ನ ಮೈಕಟ್ಟು?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಸೊಂಟದಲ್ಲಿ ಅಳತೆಯ ಟೇಪೊಂದು ಸಿಕ್ಕಿಕೊಂಡಿತ್ತು. ಹಡಗಿನ ಆಫೀಸಿನವನು, ಸಾಮಾನನ್ನು ಕಂಟೇನರಿಗೆ ತುಂಬಿಸುವುದು ಅವನ ಕೆಲಸ. ಆರ್ಡರಿಗೆಂದು ಅವಳು ಬರೆದು ಕಳಿಸಿದ್ದ ವ್ಯಾಗನ್ನಿನ ಡ್ರಾಯಿಂಗನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಹರಡಿದ. ಬೆರಳನ್ನು ಅದರ ನಡುಮಧ್ಯೆ ಒಂದು ಸುತ್ತು ಸುತ್ತಿಸಿದ.

"ತಪ್ಪು ತಿಳ್ಕೋಬೇಡಿ. ನೀವು ಸಮುದ್ರದಾಚೆ ಕಳಿಸ್ತಿರೋದು ಬರೀ ಗಾಳಿ."

ನಗು ಅಲ್ಲೇ ಆರಿಹೋಯಿತು.

ಸಮುದ್ರದಾಚೆಯ ಹಳ್ಳಿಗಳಿಗೆ ಔಷಧಿ, ಪುಸ್ತಕ, ಕಾಳುಕಡ್ಡಿ ಸಾಗಿಸಲು ಮುಚ್ಚಿದ ವ್ಯಾಗನ್ನುಗಳು ಬೇಕಾಗಿದ್ದವು. ಚಕ್ರಗಳಿರುವ ಕೆಳಚೌಕಟ್ಟು, ಅಂದರೆ ಚಾಸಿ, ಅವರದೇ. ಅದರ ಮೇಲೆ ಕೂರುವ ಬಾಡಿ ಮಾತ್ರ ಇಲ್ಲಿಂದ ಹೋಗಬೇಕು. ಇಂಥ ಆರ್ಡರ್ ಷೆಡ್ಡಿಗೆ ಬಂದು ಕಾಲವೇ ಆಗಿತ್ತು. ಅರ್ಧ ಮಿಷನ್ನುಗಳ ಮೇಲೆ ಗೋಣಿಚೀಲ ಹೊದಿಸಿದ್ದರು. ಇದೂ ಕೈತಪ್ಪಿದರೆ ಬಾಗಿಲು ಹಾಕುವುದೇ ಸರಿ ಎಂದು ಅಣ್ಣ ಊಟದ ಹೊತ್ತಿನಲ್ಲಿ ಎರಡು ಸಲ ಹೇಳಿಯಾಗಿತ್ತು.

"ಇಡೀ ಬಾಡಿ ಹಾಗೇ ಇಟ್ರೆ ಒಂದು ಕಂಟೇನರಿಗೆ ಎರಡೇ ಹಿಡಿಯೋದು" ಎಂದ ಅವನು. "ಒಳಗೆಲ್ಲ ಖಾಲಿ. ಹಡಗಿನ ಖರ್ಚು ಜಾಸ್ತಿ, ಹಾಗಾದ್ರೆ ಕೊಳ್ಳೋರು ಬೇರೆ ಕಡೆ ನೋಡ್ಕೋತಾರಂತೆ."

"ಮತ್ತೇನು, ಮಡಚಿ ಕಳಿಸ್ಲಾ? ಇದೇನು ಛತ್ರೀನಾ?"

"ಯಾಕಾಗಬಾರದು?" ಎಂದ ಅವನು, ಇನ್ನೊಂದು ಲೋಟ ನೀರು ಕೇಳುವಷ್ಟು ಸಲೀಸಾಗಿ.

ಅವನು ಹೋದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಹೇಳುವುದು ಸುಲಭ, ಟೇಪು ಸಿಕ್ಕಿಸಿಕೊಂಡು ತಿರುಗುವವರಿಗೆ ಏನು! ಆದರೆ ಮರುದಿನ ಬೆಳಿಗ್ಗೆ ಅಣ್ಣ ಬಂದು ನೋಡಿದರೆ ಬಿಸ್ಕತ್ತಿನ ರಟ್ಟಿನ ಡಬ್ಬಿ ಚೂರುಚೂರಾಗಿತ್ತು, ಬಿಸ್ಕತ್ತೆಲ್ಲ ತಟ್ಟೆಯಲ್ಲಿತ್ತು. ತಂಗಿ ರಟ್ಟಿನ ಗೋಡೆಗಳಿಗೆ ಅಂಟುಪಟ್ಟಿ ಹಚ್ಚುತ್ತಾ ಕೂತಿದ್ದಳು.

---

ಮಡಚುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಎಡಗೋಡೆ ನೆಲದ ಮೇಲೆ ಚಂದವಾಗಿ ಮಲಗುತ್ತಿತ್ತು. ಬಲಗೋಡೆಯನ್ನು ಅದರ ಮೇಲೆ ಮಲಗಿಸಲು ಹೋದರೆ ಅರ್ಧಕ್ಕೇ ಸೆಟೆದು ನಿಲ್ಲುತ್ತಿತ್ತು. ಎರಡನೆಯ ಸಲ ಬಂದ ಅವನು ಮೇಜಿಗೆ ಮೊಣಕೈ ಊರಿ ಅದನ್ನೇ ನೋಡಿದ.

"ಇದು ಮಲಗಲ್ಲ ಅಂತಿದೆ."

"ಮಲಗುತ್ತೆ. ಕೆಳಗೆ ಒಬ್ಬರು ಮಲಗಿದ್ದಾರಲ್ಲ, ಅದಕ್ಕೆ ಜಾಗ ಸಾಲ್ತಿಲ್ಲ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಹೇಗೋ ಕೇಳಿಸಿತು. ಕೆನ್ನೆ ಬಿಸಿಯಾಯಿತು. ಅವನು ಬಹಳ ಗಂಭೀರವಾಗಿ ಚಾವಣಿಯ ತಗಡು ನೋಡತೊಡಗಿದ. ಅವನ ತುಟಿಯ ಒಂದು ತುದಿ ಮಾತ್ರ ಮಾತು ಕೇಳದೆ ಅಲ್ಲಾಡುತ್ತಿತ್ತು.

ಆ ಮುಜುಗರದಲ್ಲೇ ಅವಳಿಗೆ ಉತ್ತರ ಹೊಳೆಯಿತು. ಬಲಗೋಡೆಯ ಕೀಲನ್ನು ಗೋಡೆಯ ದಪ್ಪದಷ್ಟು ಮೇಲಕ್ಕೆ ಕೂರಿಸಿದಳು. ಒಂದು ಗೋಡೆ ಮಲಗಿತು, ಅದರ ಮೇಲೆ ಇನ್ನೊಂದು ಮಲಗಿತು, ಮುಂದಿನ ಹಿಂದಿನ ಹಲಗೆಗಳು, ಎರಡು ಭಾಗವಾದ ಚಾವಣಿ ಎಲ್ಲ ಒಂದರ ಮೇಲೊಂದು ಬಂದು ಕೂತು ವ್ಯಾಗನ್ನು ಹಾಸಿಗೆಯಷ್ಟು ತೆಳ್ಳಗಾಯಿತು. ಅವನು ಟೇಪು ಎಳೆದು ರಟ್ಟಿನ ಗೊಂಬೆವ್ಯಾಗನ್ನನ್ನೇ ಅಳೆದ.

"ಕಂಟೇನರಿಗೆ ಎಷ್ಟು ಹಿಡಿಯುತ್ತೆ?" ಎಂದು ಅವಳು ಕೇಳಿದಳು.

ಅವನು ಅವಳ ತುರುಬಿನಲ್ಲಿ ಸಿಕ್ಕಿಸಿದ್ದ ಪೆನ್ಸಿಲನ್ನು ನೋಡುತ್ತಿದ್ದ. "ಏನು?"

"ಎಷ್ಟು ಹಿಡಿಯುತ್ತೆ ಅಂದೆ."

"ಹಾಂ... ತುಂಬಾ. ತುಂಬಾ ಹಿಡಿಸ್ತು" ಎಂದ. ಆಮೇಲೆ ಅವಸರದಲ್ಲಿ, "ಹಿಡಿಯುತ್ತೆ" ಎಂದು ತಿದ್ದಿಕೊಂಡ.

ಅಂದಿನಿಂದ ಅವನು ದಿನ ಬಿಟ್ಟು ದಿನ ಬರತೊಡಗಿದ. ಷೆಡ್ಡಿನವರು ಅವನಿಗೆ ‘ಟೇಪಣ್ಣ’ ಎಂದು ಹೆಸರಿಟ್ಟರು. ತಗಡು ಕತ್ತರಿಸಿ ನಿಜವಾದ ವ್ಯಾಗನ್ನು ಶುರುವಾಯಿತು. ಒಮ್ಮೆ ಏಣಿಯ ಮೇಲಿದ್ದ ಅವಳು ಕೆಳಗೆ ನೋಡದೆಯೇ, "ರೀ, ಆ ಸ್ಪ್ಯಾನರ್ ಕೊಡಿ ಸ್ವಲ್ಪ" ಎಂದಳು. ವೆಲ್ಡಿಂಗ್ ಮಾಡುತ್ತಿದ್ದವರ ಕೈ ನಿಂತಿತು. ಎಲ್ಲರಿಗೂ ಚಹಾ ತಂದಿದ್ದ ಅತ್ತಿಗೆ ಹುಬ್ಬು ಹಾರಿಸಿದಳು.

"ಯಾವಾಗಿಂದ ‘ರೀ’ ಆದ್ರು? ಮೊನ್ನೆವರೆಗೂ ‘ಸರ್’ ಇದ್ರು."

"ಅಯ್ಯೋ ಅತ್ತಿಗೆ, ಸುಮ್ನಿರಿ!"

ಅವನು ಸ್ಪ್ಯಾನರ್ ಕೊಟ್ಟ. ಆದರೆ ಕೇಳಿದ್ದಲ್ಲ, ಬೇರೆ ಸೈಜಿನದು. ಅವಳೂ ಅದನ್ನೇ ತೆಗೆದುಕೊಂಡಳು.

---

ತೊಂದರೆ ಬಂದದ್ದು ಮೂಲೆಗಳಿಂದ. ಗೋಡೆಗಳನ್ನು ಎತ್ತಿ ನಿಲ್ಲಿಸಿದ ಮೇಲೆ ನಾಲ್ಕು ಮೂಲೆಗಳಲ್ಲೂ ಬೋಲ್ಟುಗಳನ್ನು ಒಂದು ಕ್ರಮದಲ್ಲಿ ಬಿಗಿಯಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಬಾಡಿ ಸೊಟ್ಟಗಾಗಿ ಬಾಗಿಲು ಹಾಕಲು ಬರುವುದಿಲ್ಲ. ಕೊಳ್ಳುವವರ ಪರವಾಗಿ ಇಲ್ಲಿ ವ್ಯವಹಾರ ನೋಡುತ್ತಿದ್ದ ಹಿರಿಯ ಹೆಂಗಸು, ಷೆಡ್ಡಿನವರ ಬಾಯಲ್ಲಿ ‘ಏಜೆಂಟಮ್ಮ’, ಕಡ್ಡಿ ಮುರಿದಂತೆ ಹೇಳಿದಳು: "ಅಲ್ಲಿನ ಜನಕ್ಕೆ ಈ ಕೆಲಸ ಗೊತ್ತಿಲ್ಲ. ಒಂದೋ ಸುಲಭ ಮಾಡಿ, ಇಲ್ಲಾ ಜೋಡಿಸಿಕೊಡೋಕೆ ಒಬ್ಬರನ್ನ ಅಲ್ಲಿಗೇ ಕಳಿಸಿ."

ಕಳಿಸುವುದಾದರೆ ಮೂರು ವರ್ಷ. ಜೋಡಿಸುವುದನ್ನು ಮೊದಲಿನಿಂದಲೂ ನೋಡಿದವನೆಂದು ಹಡಗಿನ ಆಫೀಸು ಟೇಪಣ್ಣನ ಹೆಸರನ್ನೇ ಬರೆಯಿತು.

ಅದನ್ನು ಅವನೇ ಬಂದು ಹೇಳಿದ. ಚಹಾದ ಲೋಟದ ಅಂಚನ್ನು ಬೆರಳಿನಿಂದ ಸವರುತ್ತಾ, ನಗುನಗುತ್ತಲೇ.

"ಸಮುದ್ರದ ಪಕ್ಕದಲ್ಲೇ ಮನೆಯಂತೆ ಮೇಡಂ. ಕಿಟಕಿ ತೆಗೆದ್ರೆ ನೀರಂತೆ."

ಅವಳು ಮೇಜಿನ ಮೇಲಿನ ಡ್ರಾಯಿಂಗನ್ನು ಸುರುಳಿ ಸುತ್ತಿದಳು. "ಒಳ್ಳೇದಾಯ್ತಲ್ಲ" ಎಂದಳು. ಧ್ವನಿ ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

ಅವನು ಒಂದು ಗಳಿಗೆ ಅವಳನ್ನೇ ನೋಡಿದ. "ಹೂಂ. ಒಳ್ಳೇದೇ" ಎಂದು ಎದ್ದ.

ಮುಂದಿನ ವಾರ ಅವನು ಫೋನಿನಲ್ಲಿ ಆ ಊರಿನ ಭಾಷೆ ಕಲಿಯತೊಡಗಿದ. ‘ನಿಧಾನವಾಗಿ ಎತ್ತಿ’, ‘ಬಲಕ್ಕೆ ತಿರುಗಿಸಿ’ ಎಂಬುದನ್ನೆಲ್ಲ ವಿಚಿತ್ರ ಸದ್ದುಗಳಲ್ಲಿ ಹೇಳಿ ಎಲ್ಲರನ್ನೂ ನಗಿಸಿದ. ದೊಡ್ಡದೊಂದು ಸೂಟ್‌ಕೇಸನ್ನೂ ಕೊಂಡ. ಆಟೋ ಸಿಗದೆ ಅದನ್ನು ಷೆಡ್ಡಿನಲ್ಲೇ ಒಂದು ದಿನ ಇಟ್ಟು ಹೋದ. ಅವಳು ಅದನ್ನು ದಾಟುವಾಗಲೆಲ್ಲ ಕಾಲಿಗೆ ತಾಗಿಸಿಕೊಂಡಳು.

ಅದೇ ದಿನ ಮಧ್ಯಾಹ್ನ ಅಪ್ಪ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು, ಸಡಿಲವಾದ ಸುತ್ತಿಗೆಯ ಹಿಡಿಗೆ ಬೆಣೆ ಹೊಡೆಯುತ್ತಿದ್ದರು. ಮೂರು ಏಟು ಬಿದ್ದದ್ದೇ, ಲೊಡಲೊಡ ಎನ್ನುತ್ತಿದ್ದ ಸುತ್ತಿಗೆ ಬಿಗಿಯಾಗಿ ಕೂತಿತು. ಅವಳು ನಿಂತಲ್ಲೇ ನಿಂತಳು. ಬೋಲ್ಟೇ ಯಾಕೆ? ಮೂಲೆಗಳಲ್ಲಿ ಓರೆಯಾದ ತೂತು ಕೊಟ್ಟು ಬೆಣೆ ಇಟ್ಟರೆ, ಹೊಡೆದಷ್ಟೂ ಅದೇ ಗೋಡೆಗಳನ್ನು ಸರಿಯಾದ ಜಾಗಕ್ಕೆ ಎಳೆದುಕೊಳ್ಳುತ್ತದೆ. ಯಾರು ಬೇಕಾದರೂ ಜೋಡಿಸಬಹುದು. ಯಾರೂ ಹೋಗಬೇಕಾಗಿಲ್ಲ.

ಅವಳು ಓಡಿ ಹೋಗಿ ಅಣ್ಣನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ಅತ್ತಿಗೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಬಟ್ಟೆಯಲ್ಲಿನ ಸುಕ್ಕನ್ನೂ ಮುಖದಲ್ಲಿನ ಸುಕ್ಕನ್ನೂ ದೂರದಿಂದಲೇ ಕಂಡುಹಿಡಿಯುವವಳು. ಮಿಷನ್ನು ನಿಲ್ಲಿಸಿ ಕೇಳಿದಳು.

"ಏನು ಬಚ್ಚಿಟ್ಕೊಂಡು ಓಡಾಡ್ತಿದ್ದೀಯ?"

ಅವಳು ಬೆಣೆಯ ವಿಷಯ ಹೇಳಿದಳು. "ಇದನ್ನ ಹಾಕಿದ್ರೆ ಅವರು ಹೋಗೋದೇ ಬೇಡ ಅತ್ತಿಗೆ."

"ಸರಿಹೋಯ್ತಲ್ಲ!"

"ಅವರಿಗೆ ಹೋಗೋಕೆ ಆಸೆ."

"ಅವರು ಹಾಗಂದ್ರಾ?"

"ಸೂಟ್‌ಕೇಸ್ ತಗೊಂಡಿದ್ದಾರಲ್ಲ."

"ಓಹೋ, ಸೂಟ್‌ಕೇಸ್ ಹೇಳ್ತಾ?" ಅತ್ತಿಗೆ ದಾರ ಕಚ್ಚಿ ತುಂಡರಿಸಿದಳು. "ನೋಡು ಪುಟ್ಟಿ, ನಿನ್ನ ಅಣ್ಣ ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು ಗೊತ್ತಾ? ಕೆಲಸಕ್ಕೆ ಮೋಸ ಮಾಡ್ಬೇಡ. ಇಂಥವರು ಇಂಥಲ್ಲಿ ಇರ್ಬೇಕು ಅಂತ ನೀನೊಬ್ಬಳೇ ತೀರ್ಮಾನ ಮಾಡೋಕೆ ಹೋಗ್ಬೇಡ."

ಮರುದಿನ ಅವಳು ಬೆಣೆಯ ಡ್ರಾಯಿಂಗನ್ನು ಮೇಜಿನ ಮೇಲಿಟ್ಟಳು. ಅಣ್ಣ ಕುರ್ಚಿಯಿಂದ ಹಾರಿ ಎದ್ದ. ಆಗಷ್ಟೇ ಬಂದಿದ್ದ ಟೇಪಣ್ಣ ಮಾತ್ರ ಅದನ್ನು ತುಂಬಾ ಹೊತ್ತು ಬಗ್ಗಿ ನೋಡಿದ. ಮುಖ ಎತ್ತಲಿಲ್ಲ.

"ಚೆನ್ನಾಗಿದೆ ಮೇಡಂ" ಎಂದ. ಚಹಾ ಕುಡಿಯದೆ ಹೊರಟುಹೋದ.

ಆಮೇಲೆ ಅವನು ಬರಲೇ ಇಲ್ಲ. ಅಳತೆ ಕೇಳಿ ಮೆಸೇಜ್ ಬರುತ್ತಿತ್ತು, ಉತ್ತರಕ್ಕೆ ‘ಓಕೆ’ ಬರುತ್ತಿತ್ತು. ಒಬ್ಬ ಮನುಷ್ಯನ ಕಿಟಕಿಯಾಚೆಯ ಸಮುದ್ರವನ್ನೇ ಕಿತ್ತುಕೊಂಡೆನಲ್ಲ ಎಂದು ಅವಳು ಕೊರಗಿದಳು. ಕೊರಗುತ್ತಲೇ ಬೆಣೆಗಳನ್ನು ಒಂದೊಂದಾಗಿ ಉಜ್ಜಿ ನುಣುಪು ಮಾಡಿದಳು.

---

ಪರೀಕ್ಷೆಯ ದಿನ ಅವನು ಬಂದ. ಬರಲೇಬೇಕಿತ್ತು. ಸ್ವಲ್ಪ ಬಡವಾದಂತೆ ಕಂಡ.

ವ್ಯಾಗನ್ನು ಜೋಡಿಸಲು ಅತ್ತಿಗೆ ಮತ್ತು ಅವಳ ಹತ್ತಿರ ಹೊಲಿಗೆ ಕಲಿಯುವ ಮೂವರು ಹೆಂಗಸರು ಸಿದ್ಧರಾಗಿದ್ದರು. ಸುತ್ತಿಗೆ ಹಿಡಿದು ಗೊತ್ತಿಲ್ಲದವರೇ ಬೇಕು ಎಂದು ಏಜೆಂಟಮ್ಮನೇ ಆರಿಸಿದ್ದಳು. ನೆಲ ಬಿಚ್ಚಿಕೊಂಡಿತು, ಗೋಡೆಗಳು ಎದ್ದವು, ಕೆಂಪು ಗುರುತಿಗೆ ಕೆಂಪು, ಹಳದಿಗೆ ಹಳದಿ ಬಂದು ಕೂತವು. ಅತ್ತಿಗೆ ಸೆರಗು ಬಿಗಿದು ಬೆಣೆಗಳಿಗೆ ಏಟು ಹಾಕಿದಳು. ಒಂದೊಂದು ಏಟಿಗೂ ಮೂಲೆ ತಾನಾಗಿ ಕೂಡಿಕೊಂಡಿತು. ಕೊನೆಗೆ ಬಾಗಿಲು ತಳ್ಳಿದರೆ ಟಪ್ ಎಂದು ಹಾಕಿಕೊಂಡಿತು.

"ಅಂಗಿಗೆ ಕಾಲರ್ ಕೂರಿಸೋದೇ ಇದಕ್ಕಿಂತ ಕಷ್ಟ" ಎಂದು ಅತ್ತಿಗೆ ಬೆವರು ಒರೆಸಿಕೊಂಡಳು.

ಏಜೆಂಟಮ್ಮ ನಕ್ಕಳು. "ಇನ್ನು ನೀರು. ಒಳಗೆ ಸೋರದಿದ್ರೆ ಆರ್ಡರ್ ನಿಮ್ಮದೇ."

ಹೊರಗಿನಿಂದ ಪೈಪುಗಳಲ್ಲಿ ಜೋರಾಗಿ ನೀರು ಬಿಡುವಾಗ, ಎಲ್ಲಿ ಸೋರುತ್ತದೆಂದು ನೋಡಲು ಇಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಕಟ್ಟಿದವರ ಕಡೆಯಿಂದ ಅವಳು, ಕಳಿಸುವವರ ಕಡೆಯಿಂದ ಅವನು. ಬಾಗಿಲು ಹಾಕಿಕೊಂಡಿತು.

ಒಳಗೆ ಹೊಸ ಬಣ್ಣದ ವಾಸನೆ, ಕತ್ತಲು. ತಗಡಿನ ಮೇಲೆ ನೀರು ಧೋ ಎಂದು ಅಪ್ಪಳಿಸತೊಡಗಿತು. ಇಬ್ಬರ ಟಾರ್ಚಿನ ಬೆಳಕುಗಳೂ ಮೂಲೆಯಿಂದ ಮೂಲೆಗೆ ಓಡುತ್ತಾ ಒಂದನ್ನೊಂದು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದವು.

"ಕ್ಷಮಿಸಿ" ಎಂದಳು ಅವಳು.

"ಆಂ? ಕೇಳಿಸ್ತಿಲ್ಲ."

ಅವಳು ಹತ್ತಿರ ಸರಿದಳು. "ನಿಮ್ಮ ಸಮುದ್ರದ ಮನೆ ನನ್ನಿಂದ ತಪ್ಪೋಯ್ತು. ಬೆಣೆ ಹೊಳೆದ ಮೇಲೂ ಎರಡ್ಮೂರು ದಿನ ಹೇಳದೆ ಇದ್ದೆ. ಕೊನೆಗೆ ಬಚ್ಚಿಡೋಕೆ ಆಗ್ಲಿಲ್ಲ."

ಅವನ ಟಾರ್ಚು ನಿಂತಿತು. "ಹೊಳೆದೂ ಹೇಳ್ಲಿಲ್ವಾ? ಯಾಕೆ?"

"ನಿಮಗೆ ಅಷ್ಟು ಆಸೆ ಇತ್ತಲ್ಲ."

"ಮೇಡಂ, ನನಗೆ ಹಡಗು ಹತ್ತಿದ್ರೆ ವಾಂತಿ ಬರುತ್ತೆ."

ಅವಳ ಟಾರ್ಚು ಅವನ ಮುಖದ ಕಡೆ ತಿರುಗಿತು.

"ದಡದಲ್ಲಿ ನಿಂತ ಹಡಗಲ್ಲೂ ಬರುತ್ತೆ. ಆಫೀಸಲ್ಲಿ ಯಾರಿಗೂ ಹೇಳಿಲ್ಲ, ಕೆಲಸದಿಂದ ತೆಗೀತಾರೆ ಅಂತ."

"ಮತ್ತೆ ನಗ್ತಾ ಹೇಳಿದ್ರಿ?"

"ನೀವು ‘ಹೋಗ್ಬೇಡಿ’ ಅಂತೀರೇನೋ ಅಂತ ನೋಡ್ತಿದ್ದೆ. ನೀವು ‘ಒಳ್ಳೇದಾಯ್ತಲ್ಲ’ ಅಂದ್ಬಿಟ್ರಿ. ಆಮೇಲೆ ಹಟಕ್ಕೆ ಸೂಟ್‌ಕೇಸ್ ತಗೊಂಡೆ."

"ಬೆಣೆ ನೋಡಿ ಮುಖ ಎತ್ತದೆ ಹೋದ್ರಲ್ಲ?"

"ಕಣ್ಣಲ್ಲಿ ನೀರು ಬಂದಿತ್ತು. ನಿಮ್ಮಣ್ಣನ ಮುಂದೆ ಅಳೋಕಾಗುತ್ತಾ?" ಅವನು ಧ್ವನಿ ತಗ್ಗಿಸಿದ, ಅವಳು ಇನ್ನಷ್ಟು ಹತ್ತಿರ ಬರಬೇಕಾಯಿತು. "ಮನೆಗೆ ಹೋದ್ಮೇಲೆ ಯೋಚನೆ ಹತ್ಕೊಳ್ತು. ಇದನ್ನ ಕೆಲಸಕ್ಕೆ ಮಾಡಿದ್ರೋ, ನನಗೋಸ್ಕರ ಮಾಡಿದ್ರೋ? ಬಂದು ಕೇಳೋಕೆ ಧೈರ್ಯ ಸಾಲ್ಲಿಲ್ಲ."

ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಮಾಡಿದ್ದು ಕೆಲಸಕ್ಕೆ. ಬಚ್ಚಿಟ್ಟಿದ್ದು ನಿಮಗೋಸ್ಕರ."

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವನ ಮೂಗಿನ ಮೇಲೆ ಒಂದು ಹನಿ ಬಿತ್ತು. ಇಬ್ಬರೂ ಮೇಲೆ ನೋಡಿದರು. ನಾಲ್ಕನೆಯ ಮೂಲೆಯ ಬೆಣೆ ಪೂರ್ತಿ ಇಳಿದಿರಲಿಲ್ಲ. ಅಷ್ಟು ಹೊತ್ತಿಗೆ ಅತ್ತಿಗೆಯ ಕೈ ಸೋತಿತ್ತು. ಅತ್ತಿಗೆ ಒಳಗೇ ಬಿಟ್ಟಿದ್ದ ಸುತ್ತಿಗೆಯನ್ನು ಅವಳು ಎತ್ತಿದಳು, ಅವನು ಟಾರ್ಚ್ ಹಿಡಿದ. ಎರಡು ಏಟಿಗೆ ಹನಿ ನಿಂತಿತು. ಎತ್ತಿದ ಕೈಯನ್ನು ಅವಳು ಇಳಿಸುವಾಗ ಅವನು ಅದನ್ನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಹೋಗ್ಬೇಡಿ ರೀ" ಎಂದಳು.

"ಇನ್ನೊಂದ್ಸಲ ಹೇಳಿ. ನೀರಿನ ಸದ್ದಲ್ಲಿ ಕೇಳಿಸ್ಲಿಲ್ಲ."

"ನೀರು ನಿಂತು ಆಗ್ಲೇ ಎಷ್ಟೊತ್ತಾಯ್ತು!"

ನಿಜ. ಹೊರಗೆ ನಿಶ್ಶಬ್ದವಾಗಿತ್ತು. ಅಣ್ಣ ತಗಡಿನ ಮೇಲೆ ಬಡಿದ. ಅವಳು ಬಾಗಿಲನ್ನು ಒಂದು ಗೇಣು ತೆರೆದಳು. ಬೆಳಕಿನಲ್ಲಿ ಅಣ್ಣನ ಆತಂಕದ ಮುಖ, ಅದರ ಹಿಂದೆ ಏಜೆಂಟಮ್ಮ.

"ಸೋರ್ತಾ ಪುಟ್ಟಿ?"

"ಒಂದು ಮೂಲೇಲಿ ಒಂದೇ ಹನಿ. ಬೆಣೆ ಸರಿಯಾಗಿ ಇಳಿದಿರ್ಲಿಲ್ಲ, ಸರಿ ಮಾಡಿದ್ವಿ."

"ಅಷ್ಟೇ ತಾನೇ? ನನಗೆ ಸಾಕು" ಎಂದಳು ಏಜೆಂಟಮ್ಮ. "ಮೊದಲ ಹಡಗಿಗೇ ಹಾಕಿ. ಜೊತೆಗೆ ಯಾರೂ ಬರೋದು ಬೇಡ."

ಅಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಹಿಂದೆ ನಿಂತವರು ಚಪ್ಪಾಳೆ ತಟ್ಟಿದರು. "ಹಾಗಾದ್ರೆ ಮುಗೀತು. ಬನ್ನಿ, ಬನ್ನಿ ಇಬ್ರೂ ಹೊರಗೆ."

"ಎಲ್ಲಿ ಮುಗೀತು ಅಣ್ಣಾ?" ಎಂದಳು ಅವಳು. "ಸರಿಹೋಗಿದೆಯೋ ಇಲ್ಲವೋ ನೋಡೋದು ಬೇಡ್ವಾ? ಇನ್ನೊಂದ್ಸಲ ನೀರು ಬಿಡು."

ಅಣ್ಣ ಏನೋ ಹೇಳಲು ಬಾಯಿ ತೆರೆದ. ಅತ್ತಿಗೆ ಅವನ ಕೈಯಿಂದ ಪೈಪು ಕಸಿದುಕೊಂಡಳು. ಒಳಗಿದ್ದವಳು ಬಾಗಿಲನ್ನು ಎಳೆದು ಹಾಕಿಕೊಂಡಳು.