ಮೊದಲ ಗೂಟದ ಕುದುರೆ

ಇಸವಿ ೧೯೩೯, ಮಾರ್ಚ್ ೪, ಶನಿವಾರ ಬೆಳಿಗ್ಗೆ. ಲಿಂಗಸುಗೂರು ಠಾಣೆಯ ಅಂಗಳದಲ್ಲಿ ಮಸ್ಕಿ ಕಡೆಯ ಟಾಂಗಾ ಬಂದು ನಿಂತಾಗ ಅಮೀನ್ ದಸ್ತಗೀರ್ ಸಾಹೇಬರ ಕೈಯಲ್ಲಿ ಚಹಾದ ಬಟ್ಟಲು ಇನ್ನೂ ಅರ್ಧ ಇತ್ತು. ನಿಜಾಮ್ ಸರಕಾರದ ಪೊಲೀಸಿನಲ್ಲಿ ಠಾಣೆ ನಡೆಸುವ ಅಧಿಕಾರಿಗೆ ಅಮೀನ್ ಎನ್ನುತ್ತಿದ್ದರು. ದಸ್ತಗೀರರು ಮುದಗಲ್ಲಿನವರು, ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಬೈಯುವಾಗ ಮಾತ್ರ ಯಾವ ಭಾಷೆ ಬರುತ್ತದೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ.

ಟಾಂಗಾದಿಂದ ಇಳಿದವನು ಬಸ್ಸಪ್ಪ. ಮಸ್ಕಿಯ ಹೊರಗೆ ಜಹಗೀರದಾರರೊಬ್ಬರ ಕುದುರೆಲಾಯವಿತ್ತು. ಧಣಿಗಳು ಇರುವುದು ಹೈದರಾಬಾದಿನಲ್ಲಿ, ಲಾಯದ ಕಾರಭಾರವೆಲ್ಲ ಈ ಬಸ್ಸಪ್ಪನದು. ರುಮಾಲು ಸರಿಮಾಡಿಕೊಳ್ಳುವಷ್ಟೂ ವ್ಯವಧಾನವಿಲ್ಲದೆ ಅವನು ಹೇಳಿದ್ದು ಇಷ್ಟು: ನಿನ್ನೆ ಶುಕ್ರವಾರ ಮಧ್ಯಾಹ್ನ, ಲಾಯದ ಸಾಬರೆಲ್ಲ ನಮಾಜಿಗೆ, ಉಳಿದವರು ಊಟಕ್ಕೆ ಹೋದ ಹೊತ್ತಿನಲ್ಲಿ, ಮೊದಲ ಗೂಟದ ಕುದುರೆ ಶಾಹೀನನ ಮುಖಕ್ಕೆ ಯಾರೋ ಬೆಂಕಿ ಇಟ್ಟಿದ್ದಾರೆ. ಬಲಗಣ್ಣು ಹೋದ ಹಾಗೆಯೇ.

ಮೊದಲ ಗೂಟ ಎಂದರೇನೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಮುದಗಲ್, ಲಿಂಗಸುಗೂರು, ಸಿಂಧನೂರು ಕಡೆಯ ಒಳ್ಳೊಳ್ಳೆಯ ಪ್ರಾಯದ ಕುದುರೆಗಳು ಆ ಲಾಯದ ಬಯಲಿಗೆ ಬರುತ್ತಿದ್ದವು. ನರಸಣ್ಣ ಎಂಬ ಹಿರಿಯ ಅವುಗಳ ನಡಿಗೆ ನೋಡುತ್ತಿದ್ದ, ಓಟ ನೋಡುತ್ತಿದ್ದ, ನೀರು ಕುಡಿಯುವುದನ್ನೂ ಮೇವು ತಿನ್ನುವುದನ್ನೂ ನೋಡುತ್ತಿದ್ದ. ಆಮೇಲೆ ಒಂದು ಮುಂಜಾನೆ ತಾನೇ ಕೈಯಾರೆ ಎಲ್ಲವನ್ನೂ ಸಾಲಾಗಿ ಗೂಟಕ್ಕೆ ಕಟ್ಟುತ್ತಿದ್ದ. ಮೊದಲ ಗೂಟಕ್ಕೆ ಕಟ್ಟಿದ್ದೇ ಎಲ್ಲಕ್ಕಿಂತ ಮೇಲು, ಅದರ ನಂತರ ಎರಡು, ಮೂರು. ಆ ಮೂರು ಕುದುರೆಗಳು ರಾಯಚೂರಿನಿಂದ ರೈಲು ಹತ್ತಿ ಯುಗಾದಿ ಹೊತ್ತಿನ ದೊಡ್ಡ ರೇಸಿಗೆ ಹೈದರಾಬಾದಿಗೆ ಹೋಗುತ್ತಿದ್ದವು. ಯಾಕೆ ಹೀಗೆ ಕಟ್ಟಿದೆ ಎಂದು ಕೇಳುವ ಪದ್ಧತಿಯೇ ಇರಲಿಲ್ಲ.

"ಯಾರ ಮ್ಯಾಲ ಸಂಶಯ?" ದಸ್ತಗೀರರು ಕೇಳಿದರು.

"ಸಿಂಧನೂರಿನ ಲಾಲ್‌ಸಾಬ್ರೀ. ಕುದುರಿ ವ್ಯಾಪಾರದವ. ಎರಡನೇ ಗೂಟದಾಗ ನಿಂತದ್ದು ಅವನ ಕುದುರಿ. ನಮ್ದು ಹ್ವಾದ್ರ ಅವನ್ದ ಮೊದಲಲ್ರೀ."

ಬೆಲೆಬಾಳುವ ಜಾನುವಾರನ್ನು ಊನ ಮಾಡಿದ ಅಪರಾಧವೆಂದು ಫಿರ್ಯಾದು ದಾಖಲಾಯಿತು. ಈಗ ಎಫ್‌ಐಆರ್ ಎನ್ನುವ ಕಾಗದಕ್ಕೆ ಆಗ ಇತ್ತಿಲಾ ಎಂಬ ಹೆಸರು. ದಸ್ತಗೀರರು ಪಶುವೈದ್ಯನಿಗೆ ಹೇಳಿಕಳಿಸಿ, ಪೊಲೀಸ್ ಜವಾನ ಅಯ್ಯಪ್ಪನನ್ನು ಕರೆದುಕೊಂಡು ಮಸ್ಕಿಗೆ ಹೊರಟರು. ಅಯ್ಯಪ್ಪ ಪಾಮನಕಲ್ಲೂರಿನವ. ಬಾಯಿ ಮುಚ್ಚಿ ಕೂತರೆ ಅವನಿಗೆ ಹೊಟ್ಟೆ ಉಬ್ಬುತ್ತದೆಂದು ಠಾಣೆಯಲ್ಲಿ ಹೇಳುತ್ತಿದ್ದರು.

ಲಾಯದಲ್ಲಿ ಶಾಹೀನನ ಹಗ್ಗ ಹಿಡಿದು ನಿಂತಿದ್ದವನು ಕನಕರಾಯ, ನರಸಣ್ಣನ ಮಗ. ಇಪ್ಪತ್ತೆರಡರ ಪ್ರಾಯ, ಸಣ್ಣ ಮೈ, ಕಬ್ಬಿಣದಂಥ ಕೈ. ಈ ಸಲ ಶಾಹೀನನ ಮೇಲೆ ಹತ್ತಬೇಕಾದವನು ಅವನೇ. ಹಸಿ ಬಟ್ಟೆಯನ್ನು ಹಿಂಡಿ ಹಿಂಡಿ ಕುದುರೆಯ ಹಣೆಗೆ ಇಡುತ್ತಿದ್ದ. ಅವನ ಕಣ್ಣುಗಳೂ ಕುದುರೆಯ ಕಣ್ಣಿನಷ್ಟೇ ಊದಿಕೊಂಡಿದ್ದವು.

ಇಬ್ಬರು ಪಂಚರ ಎದುರಿಗೆ ಪಂಚನಾಮೆ ನಡೆಯಿತು. ಕುದುರೆ ಕೆಂಪು, ಹಣೆಯಲ್ಲಿ ಬಿಳಿ ಬೊಟ್ಟು. ಬಲಗಣ್ಣಿನ ಕೆಳಗೆ ಕಡಲೆ ಗಾತ್ರದ ಒಂದು ದುಂಡನೆಯ ಸುಟ್ಟ ಗಾಯ. ಅಲ್ಲಿಂದ ಮೇಲಕ್ಕೆ, ಕಣ್ಣಿನೊಳಗೇ ಜಾರಿದ ಇನ್ನೊಂದು. ಪಶುವೈದ್ಯ ರೆಪ್ಪೆ ಬಿಡಿಸಿ ನೋಡಿ ತಲೆ ಅಲ್ಲಾಡಿಸಿದ. ಕಣ್ಣು ಉಳಿಯುವುದಿಲ್ಲ. ಆದರೆ ಮೊದಲು ಸುಟ್ಟದ್ದು ಕೆಳಗಿನ ದುಂಡನೆಯದು, ಕುದುರೆ ತಲೆ ಕೊಡವಿದಾಗ ಕೈ ತಪ್ಪಿ ಮೇಲಕ್ಕೆ ಹೋಗಿದೆ ಎಂದು ಹೇಳಿದ.

ದಸ್ತಗೀರರು ಬಗ್ಗಿ ಮೂಸಿದರು. ಗಾಯದ ಸುತ್ತ ಜಿಡ್ಡು.

"ಬೆಣ್ಣಿ ನೀ ಹಚ್ಚಿದೇನು?"

"ಇಲ್ರೀ," ಎಂದ ಕನಕರಾಯ. "ನಾ ಊಟ ಮಾಡಿ ಬರೂದ್ರಾಗ ಹಚ್ಚಿತ್ತು."

ಹುಲ್ಲು ಕೆದಕುತ್ತಿದ್ದ ಅಯ್ಯಪ್ಪನಿಗೆ ಅರಿಶಿಣ ಕೊಂಬಿನ ತುಂಡೊಂದು ಸಿಕ್ಕಿತು, ತುದಿ ಕರಕಲಾಗಿತ್ತು. ಅದನ್ನು ನೋಡಿದ ಕೂಡಲೇ ದಸ್ತಗೀರರ ಕೈ ತಾನಾಗಿ ಕೋಟಿನ ಮೇಲಿಂದ ಹೊಟ್ಟೆ ಮುಟ್ಟಿಕೊಂಡಿತು. ಅಲ್ಲಿ ಇಂಥವೇ ಮೂರು ಗುರುತುಗಳಿದ್ದವು. ಕೂಸಿದ್ದಾಗ ಹಾಲು ಕಕ್ಕುತ್ತಿದ್ದರಂತೆ. ಅಜ್ಜಿ ರಹೀಮಾಬೀ ಓಣಿಯ ಮುದುಕಿಯೊಬ್ಬಳ ಕೈಯಿಂದ ಬರೆ ಹಾಕಿಸಿದ್ದಳು, ಉರಿಯುವ ಅರಿಶಿಣ ಕೊಂಬಿನಿಂದ. ಆಮೇಲೆ ಬೆಣ್ಣೆ. ಕೆಡಿಸಬೇಕೆಂದು ಬಂದವನು ಬೆಣ್ಣೆ ತಂದಿರುತ್ತಾನೆಯೇ?

ಅಷ್ಟರಲ್ಲಿ ನರಸಣ್ಣ ಬಂದ. ಎತ್ತರದ ಮನುಷ್ಯ, ಸ್ವಲ್ಪ ಬಾಗಿದ್ದ. ಅವನು ಹತ್ತಿರವಾದದ್ದೇ ತಡ, ಶಾಹೀನ ಕಿವಿ ಹಿಂದಕ್ಕೆ ಹಾಕಿ ಹಗ್ಗ ಜಗ್ಗಿ ಗೋಡೆಗೆ ಒತ್ತಿಕೊಂಡಿತು.

"ಏನಾತೋ ಇದಕ್ಕ," ಎಂದ ಕನಕರಾಯ. "ಅಪ್ಪನ್ನ ಕಂಡ್ರ ಹೆಗಲ ಮ್ಯಾಲ ತೆಲಿ ಇಡತಿತ್ರೀ."

"ನೋವಿನಾಗ ಐತಿ. ಬಿಡು," ಎಂದು ನರಸಣ್ಣ ಅಲ್ಲಿಂದಲೇ ಹಿಂದಿರುಗಿದ.

ದಸ್ತಗೀರರು ಅದನ್ನು ಕಂಡರು. ಆದರೆ ಫಿರ್ಯಾದಿಯಲ್ಲಿ ಹೆಸರು ಇದ್ದದ್ದು ಲಾಲ್‌ಸಾಬನದು, ಮೊದಲು ಅದು ಮುಗಿಯಬೇಕು. ಮರುದಿನ ಸಿಂಧನೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅಯ್ಯಪ್ಪ, ಲಾಲ್‌ಸಾಬ ಮಾರಿದ ಕುದುರೆ ಕೊಂಡವನೊಬ್ಬ ಕೊನೆಗೆ ತಾನೇ ಅದನ್ನು ಹೊತ್ತು ತರಬೇಕಾದ ಕತೆ ಹೇಳಿ ಡ್ರೈವರನನ್ನೂ ನಗಿಸಿದ. ದಸ್ತಗೀರರು ನಗಲಿಲ್ಲ.

ಲಾಲ್‌ಸಾಬನಿಗೆ ಸಿಟ್ಟು ಬರುವ ಬದಲು ಬೇಸರವಾಯಿತು. ಶುಕ್ರವಾರ ಇಡೀ ದಿನ ಅವನು ಸಾಲಗುಂದದಲ್ಲಿ ಅಕ್ಕನ ಮಗಳು ಗುಲ್ಷನ್‌ಬೀಯ ಮದುವೆಯಲ್ಲಿದ್ದ. ಅಯ್ಯಪ್ಪ ಸಾಲಗುಂದಕ್ಕೇ ಹೋಗಿ ಕೇಳಿ ಬಂದ, ಮಾತು ನಿಜವಿತ್ತು. ಲಾಲ್‌ಸಾಬನ ಆಳುಗಳೂ ಅಲ್ಲೇ ಬಡಿಸುತ್ತಿದ್ದರು.

"ನರಸಣ್ಣ ನನ್ನ ದಿಲ್ದಾರನ್ನ ಎರಡನೇ ಗೂಟಕ್ಕ ಕಟ್ಟಿದ ದಿನ ನಾ ಓಣಿಗೆಲ್ಲ ಸಕ್ರಿ ಹಂಚೀನ್ರೀ," ಎಂದ ಲಾಲ್‌ಸಾಬ. "ಅಷ್ಟ ಸಾಕು ನನಗ. ಆದ್ರ ಒಂದು ಹೇಳ್ತೀನಿ. ಆ ಶಾಹೀನಗ ಕಣ್ಣೀರ ಸುಳಿ ಐತಿ."

"ಎಲ್ಲಿ?"

"ಬಲಗಣ್ಣಿನ ಕೆಳಗ. ನೀವು ನೋಡಲಿಲ್ಲೇನು?"

ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ಸುಟ್ಟಿದ್ದ ಜಾಗ ಅದೇ.

ಕುದುರೆಯ ಮೈಮೇಲಿನ ಸುಳಿ ನೋಡದೆ ಆ ಕಾಲದಲ್ಲಿ ಯಾರೂ ಕುದುರೆ ಕೊಳ್ಳುತ್ತಿರಲಿಲ್ಲ. ಕೂದಲು ದುಂಡಗೆ ತಿರುಗಿದ ಜಾಗ ಎಲ್ಲಿದೆ ಎಂಬುದರ ಮೇಲೆ ಶುಭ, ಅಶುಭ. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿನಿಂದ ನೀರು ಇಳಿಯುವ ಹಾದಿಯಲ್ಲಿ ಬರುವ ಸುಳಿ. ಅಂಥ ಕುದುರೆ ಹತ್ತಿದವನ ಮನೆಯವರು ಅಳುತ್ತಾರೆ ಎಂದು ಮಾತು. ಗೂಟಕ್ಕೆ ಕಟ್ಟಿದ ದಿನ ಲಾಲ್‌ಸಾಬನೇ ನರಸಣ್ಣನನ್ನು ಕೇಳಿದ್ದನಂತೆ. ಓಡುವುದು ಕಾಲು, ಸುಳಿಯಲ್ಲ ಎಂದು ನರಸಣ್ಣ ಹಗ್ಗ ಬಿಗಿದಿದ್ದ.

ಆಮೇಲೆ ಲಾಲ್‌ಸಾಬ ದನಿ ತಗ್ಗಿಸಿ ಇನ್ನೊಂದು ಸಂಗತಿ ಹೇಳಿದ. ನರಸಣ್ಣನಿಗೆ ಹನುಮೇಶ ಎಂಬ ಹಿರಿಮಗನಿದ್ದ, ಅವನೂ ಸವಾರ. ಏಳು ವರ್ಷದ ಹಿಂದೆ ಹೀಗೆಯೇ ಮೊದಲ ಗೂಟಕ್ಕೆ ಬಂದ ಕುದುರೆಗೆ ಹೀಗೆಯೇ ಕಣ್ಣೀರ ಸುಳಿ ಇತ್ತು. ಹೈದರಾಬಾದಿನಲ್ಲಿ ಹಿಂದಿನ ದಿನ ಮಳೆಯಾಗಿ ನೆಲ ಹಸಿಯಾಗಿತ್ತು. ತಿರುವಿನಲ್ಲಿ ಕುದುರೆ ಜಾರಿತು. ಕುದುರೆ ಎದ್ದಿತು, ಹುಡುಗ ಏಳಲಿಲ್ಲ.

"ಊರೆಲ್ಲ ಸುಳಿ ಅಂತು. ನರಸಣ್ಣ ಮಳಿ ಅಂದ. ಇವತ್ತಿಗೂ ಮಳೀನ ಅಂತಾನ."

ಸೋಮವಾರ ಬೆಳಿಗ್ಗೆ ದಸ್ತಗೀರರು ಮಸ್ಕಿಯಲ್ಲಿ ನರಸಣ್ಣನ ಮನೆಗೆ ಹೋದರು. ಅಷ್ಟರಲ್ಲಿ ಅಯ್ಯಪ್ಪ ಓಣಿಯೆಲ್ಲ ಸುತ್ತಿ ಬಂದಿದ್ದ. ನರಸಣ್ಣನ ಹೆಂಡತಿ ಅಮರಮ್ಮ ಓಣಿಯ ಕೂಸುಗಳಿಗೆ ಬರೆ ಹಾಕುವಾಕೆ. ಶಾಹೀನನನ್ನು ಗೂಟಕ್ಕೆ ಕಟ್ಟಿದ ದಿನದಿಂದ ಆಕೆ ಗಂಡನ ಜೊತೆ ಮಾತು ಬಿಟ್ಟಿದ್ದಾಳೆ, ಒಪ್ಪತ್ತು ಉಣ್ಣುತ್ತಿದ್ದಾಳೆ ಎಂಬ ಸುದ್ದಿ ತಂದ. ನರಸಣ್ಣ ಹೊರಗಿನ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಅಮರಮ್ಮ ಬಾಗಿಲಲ್ಲಿ ನಿಂತಳು. ದಸ್ತಗೀರರು ಅರಿಶಿಣದ ತುಂಡು ತೋರಿಸಿದರು. ಆಕೆ ಅದನ್ನು ನೋಡಿದಳು, ಆಮೇಲೆ ಗಂಡನ ಬೆನ್ನು ನೋಡಿದಳು.

"ನಾನ ಸುಟ್ಟೀನ್ರೀ," ಎಂದಳು.

"ಯಾಕವ್ವಾ?"

"ಸುಳಿ ಹೋಗ್ಲಿ ಅಂತ. ಇರೂದು ಒಬ್ಬಾವ."

"ಯಾವ ಕಣ್ಣಿನ ಕೆಳಗ ಇತ್ತು ಸುಳಿ?"

ಅಮರಮ್ಮ ಮತ್ತೆ ಗಂಡನ ಬೆನ್ನು ನೋಡಿದಳು. ಹಿರಿಮಗ ಹೋದಾಗಿನಿಂದ ಆಕೆ ಲಾಯದ ಕಡೆ ಕಾಲಿಟ್ಟವಳಲ್ಲ.

"ಎಡಕ," ಎಂದಳು ಕೊನೆಗೆ.

ಹಗ್ಗ ಹೊಸೆಯುವ ಕೈ ನಿಂತಿತು.

"ಬಲಕ," ಎಂದ ನರಸಣ್ಣ. "ಆಕೀನ ಬಿಡ್ರೀ ಸಾಹೇಬ್ರ. ಆಕೀಗೆ ಏನೂ ಗೊತ್ತಿಲ್ಲ. ಕೊಂಬು ನಾ ಒಲಿ ಮ್ಯಾಲಿನ ಗಡಿಗ್ಯಾಗಿಂದ ತಗೊಂಡಿದ್ದೆ. ಬೆಣ್ಣೀನೂ."

ಅಮರಮ್ಮ ಹೊಸ್ತಿಲ ಮೇಲೆ ಕುಸಿದು ಕುಳಿತಳು. ನರಸಣ್ಣ ಹೇಳಿದ್ದನ್ನೆಲ್ಲ ದಸ್ತಗೀರರು ನಿಂತೇ ಬರೆದುಕೊಂಡರು. ಕಡಲೆಯಷ್ಟು ಸುಟ್ಟರೆ ಸಾಕು, ಹೈದರಾಬಾದ್ ಮುಟ್ಟುವುದರೊಳಗೆ ಗಾಯ ಒಣಗುತ್ತದೆ, ಸುಳಿ ಇದ್ದದ್ದೇ ಗೊತ್ತಾಗುವುದಿಲ್ಲ ಎಂದುಕೊಂಡಿದ್ದ. ಕುದುರೆ ಮೊದಲು ಅಲ್ಲಾಡದೆ ನಿಂತಿತ್ತು. ತನ್ನ ಕೈಯೆಂದು ನಂಬಿ ಮುಖ ಕೊಟ್ಟಿತ್ತು. ಬಿಸಿ ತಾಗಿದಾಗ ತಲೆ ಎತ್ತಿತು.

ಬರೆದು ಮುಗಿದ ಮೇಲೆ ದಸ್ತಗೀರರಿಗೆ ಒಂದು ಪ್ರಶ್ನೆ ಉಳಿಯಿತು. ಕಾಯ್ದೆಗೆ ಅದು ಬೇಕಾಗಿರಲಿಲ್ಲ.

"ನರಸಣ್ಣ ಕಾಕಾ, ಅದನ್ನ ನಾಕನೇ ಗೂಟಕ್ಕ ಕಟ್ಟಿದ್ರ ಮುಗೀತಿತ್ತಲ್ಲ. ರೇಸಿಗೆ ಹೋಗತಿದ್ದಿಲ್ಲ. ಯಾರು ಕೇಳತಿದ್ರು ನಿನ್ನ?"

ನರಸಣ್ಣ ಅರ್ಧ ಹೊಸೆದ ಹಗ್ಗವನ್ನು ಕಟ್ಟೆಯ ಮೇಲಿಟ್ಟ.

"ಯಾರೂ ಕೇಳತಿದ್ದಿಲ್ರೀ. ಅದಕ್ಕ ಕಟ್ಟಾಕ ಬರಲಿಲ್ಲ. ಅಂಥಾ ಕುದುರಿ ನಾ ನೋಡಿಲ್ಲ. ಅದನ್ನ ನಾಕನೇದು ಅನ್ನಾಕ ನನ್ನ ಕೈಗೆ ಆಗಲಿಲ್ಲ."

ಸುಳ್ಳು ಹೇಳಲಾರದ ಕೈ ಸುಡಬಲ್ಲದಾಯಿತಲ್ಲ ಎಂದು ದಸ್ತಗೀರರು ಮನಸ್ಸಿನಲ್ಲೇ ಅಂದುಕೊಂಡರು. ಪಂಚರನ್ನು ಕರೆಸಿ ರುಜು ಹಾಕಿಸಿ ನರಸಣ್ಣನನ್ನು ದಸ್ತಗಿರಿ ಮಾಡಿದರು. ಬೇಡಿ ಹಾಕಲಿಲ್ಲ. ಓಣಿಯ ಜನ ಬಾಗಿಲುಗಳಲ್ಲಿ ನಿಂತು ನೋಡಿದರು. ಯಾವತ್ತೂ ಇಲ್ಲದೆ ಅಯ್ಯಪ್ಪ ಲಿಂಗಸುಗೂರು ಬರುವವರೆಗೂ ಬಾಯಿ ತೆರೆಯಲಿಲ್ಲ.

ಮರುದಿನ ಕನಕರಾಯ ಠಾಣೆಗೆ ಬಂದ. ಬಗಲಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ತಾಯಿ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ. ಶಾಹೀನನನ್ನು ಏನು ಮಾಡುವುದೆಂದು ಧಣಿಗಳು ಹೇಳಿ ಕಳಿಸಿದ್ದರು. ಗುಂಡು ಹೊಡೆಯಬೇಡಿ, ಊರಿನ ಎಣ್ಣೆಗಾಣಕ್ಕೆ ಕೊಡಿ, ಗಾಣ ಸುತ್ತಲು ಒಂದು ಕಣ್ಣು ಸಾಕು ಎಂದು. ಅದನ್ನು ಅವನು ದಸ್ತಗೀರರಿಗೆ ತಿಳಿಸಿದ. ಆಮೇಲೆ ಸರಳಿನ ಆಚೆ ನಿಂತ ತಂದೆಗೆ ಹೇಳಿದ:

"ಅದರ ಮ್ಯಾಲ ಒಮ್ಮಿ ಓಡಿ ಬರತಿದ್ದೆ ಅಪ್ಪಾ. ಗೆದ್ದಿದ್ರ ಗೆಲ್ಲತಿದ್ದೆ, ಬಿದ್ದಿದ್ರ ಬೀಳತಿದ್ದೆ. ನನ್ನನ್ನ ಒಂದು ಮಾತು ಕೇಳಬೇಕಿತ್ತು."

ನರಸಣ್ಣ ಬುತ್ತಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

"ಲಾಲ್‌ಸಾಬ ಕರದಾನ," ಎಂದ ಮಗ. "ದಿಲ್ದಾರನ ಮ್ಯಾಲ ಹೊಂಟೀನಿ. ಮಧ್ಯಾಹ್ನದ ಬಸ್ಸಿಗೆ ರಾಯಚೂರು."

ದಸ್ತಗೀರರು ಬಾಗಿಲ ಹತ್ತಿರ ನಿಂತಿದ್ದರು. ಮುದುಕ ಈಗ ಬೇಡುತ್ತಾನೆ, ಹೋಗಬೇಡ ಎನ್ನುತ್ತಾನೆ ಎಂದುಕೊಂಡರು. ನರಸಣ್ಣ ಸರಳು ಹಿಡಿದು, ಯಾರದೋ ಕುದುರೆಯ ಮಾತಾಡುವಂತೆ, ದಿಲ್ದಾರ ಎಡಕ್ಕೆ ವಾಲುತ್ತದೆ, ತಿರುವಿನಲ್ಲಿ ಲಗಾಮು ಜಗ್ಗಬೇಡ, ಸಡಿಲು ಬಿಡು ಎಂದು ಹೇಳಿಕೊಟ್ಟ. ಮಗ ತಲೆ ಆಡಿಸಿದ. ಬಗ್ಗಿ ಸರಳಿನ ಕೆಳಗೆ ನೆಲ ಮುಟ್ಟಿ ನಮಸ್ಕರಿಸಿ ಹೋದ.

ಅವನು ಅಂಗಳ ದಾಟಿದ ಮೇಲೆ ದಸ್ತಗೀರರು ಮೆಲ್ಲಗೆ ಕೇಳಿದರು. "ಕಾಕಾ, ಜನ್ಮವೆಲ್ಲ ಸುಳಿ ಸುಳ್ಳು ಅಂದಾವ ನೀ. ಈಗರ ನಂಬೀಯೇನು?"

"ಇಲ್ರೀ," ಎಂದ ನರಸಣ್ಣ. "ಇವತ್ತಿಗೂ ನಂಬಿಲ್ಲ. ಹನುಮೇಶ ಬಿದ್ದದ್ದು ಮಳಿಗೇ. ಆದ್ರ ನನ್ನ ಮಾತು ಖರೇನೋ ಸುಳ್ಳೋ ನೋಡಿಬಿಡೂಣು ಅನ್ನಾಕ, ನನ್ನ ಹತ್ರ ಇನ್ನೊಬ್ಬ ಮಗಾ ಇಲ್ರೀ."

ಹೊರಗೆ ರಾಯಚೂರಿನ ಬಸ್ಸು ಹೊರಟ ಸದ್ದಾಯಿತು. ಅದು ಕೇಳಿಸದಾಗುವವರೆಗೂ ನರಸಣ್ಣ ನಿಂತೇ ಇದ್ದ. ಆಮೇಲೆ ಬುತ್ತಿಯನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕುಳಿತ.