ಏಳನೆಯ ದಿನ ಯಾರೂ ಎದ್ದು ನಿಲ್ಲಲಿಲ್ಲ

ಒಲೆ ಮೇಸ್ತ್ರಿ ಬೆಳಗಿನ ಕಾಫಿಗೆಂದು ಅಡುಗೆಮನೆಗೆ ಬಂದಾಗ ಯಾರೂ ಎದ್ದು ನಿಲ್ಲಲಿಲ್ಲ.

ಹಿಂದಿನ ಆರು ದಿನವೂ ಎದ್ದಿದ್ದರು. ಬೇಕರಿಯ ಹಳೆಯ ಒಲೆ ಬಿರುಕು ಬಿಟ್ಟಿತ್ತು. ಹೊಸದನ್ನು ಕಟ್ಟಿಕೊಡಲು ಅವನು ಗಡಿ ದಾಟಿ, ಎರಡು ರೈಲು ಬದಲಿಸಿ ಬಂದಿದ್ದ. ಲಾಡ್ಜಿನಲ್ಲಿ ಇರುತ್ತೇನೆಂದರೆ ಬೇಕರಿ ಯಜಮಾನರು ಒಪ್ಪದೆ, ಮನೆಯ ಮಹಡಿ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಕಿಟಕಿ ಪಕ್ಕದ ಕುರ್ಚಿ ಅವನಿಗೆ. ಮೊದಲು ಬಡಿಸುವುದು ಅವನಿಗೆ. ಯಜಮಾನರ ತಂಗಿ, ಆ ಮನೆಗೆಲ್ಲ ಅತ್ತೆ, ಅವನು ಉಂಡು ಮುಗಿಸುವವರೆಗೆ ಸೌಟು ಹಿಡಿದು ನಿಂತೇ ಇರುತ್ತಿದ್ದರು.

ತಟ್ಟೆ ಖಾಲಿ ಮಾಡಿದರೆ ಮರ್ಯಾದೆ ಎಂಬುದು ಅವನ ಊರಿನ ರೀತಿ. ಖಾಲಿ ತಟ್ಟೆ ಎಂದರೆ ಇನ್ನೂ ಹಸಿವು ಎಂಬುದು ಇಲ್ಲಿನ ರೀತಿ. ಎರಡು ಮರ್ಯಾದೆಗಳ ನಡುವೆ ಸಿಕ್ಕಿ ಅವನು ಬೆಲ್ಟನ್ನು ಎರಡು ತೂತು ಸಡಿಲಿಸಬೇಕಾಗಿತ್ತು.

ಕೊನೆಗೆ ಕಾಪಾಡಿದವಳು ಯಜಮಾನರ ಮಗಳು. ಬೇಕರಿ ನಡೆಸುವವಳು ಅವಳೇ. ಮೂರನೆಯ ದಿನ ಎದುರು ಕೂತವಳು ತನ್ನ ತಟ್ಟೆಯಂಚಿಗೆ ಒಂದು ತುಂಡು ಬ್ರೆಡ್ ಸರಿಸಿ, ಅವನತ್ತ ನೋಡಿ, ಒಂದೇ ಹುಬ್ಬು ಏರಿಸಿದಳು. ಅವನೂ ಹಾಗೇ ಮಾಡಿದ. ಅತ್ತೆ ಸೌಟು ಕೆಳಗಿಟ್ಟರು. ಅವಳು ತುಟಿ ಕಚ್ಚಿ ನಗು ತಡೆದದ್ದನ್ನು ಅವನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡ.

ಆರನೆಯ ದಿನ ಸಂಜೆ ಅವಳು ಒಲೆ ನೋಡಲು ಹಿತ್ತಲಿಗೆ ಬಂದಿದ್ದಳು.

"ಹಣೆ ಮೇಲೂ ಒಂದು ಒಲೆ ಕಟ್ಕೊಂಡಿದೀಯಲ್ಲೋ," ಎಂದು ಏಪ್ರನ್ನಿನ ತುದಿಯಿಂದ ಅವನ ಹಣೆಯ ಮಣ್ಣು ಒರೆಸಿದಳು. ಒರೆಸಿ ಮುಗಿದರೂ ಕೈ ಅಲ್ಲೇ ಇತ್ತು. ಬಾಗಿಲಲ್ಲಿ ಅತ್ತೆ. ನೋಡಿದವರೇ ಒಳಗೆ ಹೋದರು.

ಮರುದಿನ ಬೆಳಗ್ಗೆ ಹೀಗೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಜಮಾನರೇ ಪೇಪರ್ ಓದುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ಅತ್ತೆ ಹಿಡಿ ಮುರಿದ ಕಪ್ಪೊಂದನ್ನು ಅವನ ಮುಂದೆ ಕುಕ್ಕಿದರು.

"ಎಷ್ಟು ಹೊತ್ತು ಮಲಗೋದು? ಕಾಫಿ ಆರಿ ನೀರಾಯ್ತು. ತಗೋ, ಈ ಬಟಾಣಿ ಬಿಡಿಸು."

ಅವನ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ಬುಟ್ಟಿ ಬಟಾಣಿ ಬಿಡಿಸಿದ. ನಂಬಿ ಮನೆಯೊಳಗೆ ಸೇರಿಸಿಕೊಂಡವರಿಗೆ ಹೀಗೆ ಮಾಡಿದೆನಲ್ಲ ಎಂದುಕೊಂಡು ಮಹಡಿಗೆ ಹೋದ, ಚೀಲ ತುಂಬಿದ, ಹಿಂಬಾಗಿಲಿನಿಂದ ಬಸ್ ಸ್ಟಾಪಿಗೆ ನಡೆದ.

ಬಸ್ಸಿಗಿಂತ ಮೊದಲು ಅವಳು ಬಂದಳು. ಏಪ್ರನ್ ಬಿಚ್ಚಿರಲಿಲ್ಲ, ಬೆರಳ ತುಂಬ ಹಸಿ ಹಿಟ್ಟು.

"ಎಲ್ಲಿಗೆ?"

"ಲಾಡ್ಜಿಗೆ. ಒಲೆ ಅರ್ಧಕ್ಕೆ ಬಿಡಲ್ಲ, ಹೆದರ್ಬೇಡ. ಅಲ್ಲಿಂದ್ಲೇ ಬಂದು ಮುಗಿಸ್ತೀನಿ."

"ಒಲೆ ಯಾರು ಕೇಳಿದ್ರು? ಅತ್ತೆ ಅಳ್ತಾ ಕೂತಿದಾರೆ. ನಾನೇನು ತಪ್ಪು ಮಾಡ್ದೆ, ಹುಡುಗ ಹೇಳ್ದೆ ಕೇಳ್ದೆ ಹೋಗ್ಬಿಟ್ನಲ್ಲ ಅಂತ."

"ಅವರು ಅಳ್ತಿದಾರಾ? ನಿನ್ನೆ ನಮ್ಮನ್ನ ನೋಡಿದ್ರಲ್ಲ! ಇವತ್ತು ಒಬ್ಬರೂ ಏಳಲಿಲ್ಲ. ಒಡಕು ಕಪ್ಪು, ಬೈಗುಳ, ಒಂದು ಬುಟ್ಟಿ ಬಟಾಣಿ..."

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ನಗು ತಡೆಯಲಾಗದೆ ಬೆಂಚಿನ ಮೇಲೆ ಕುಸಿದು ಕೂತಳು.

"ಅಯ್ಯೋ ನನ್ನಪ್ಪಾ! ಬಂದೋರಿಗೆ ಎದ್ದು ನಿಲ್ತೀವಿ. ಮನೆಯವರಿಗೆ ಯಾರಾದ್ರೂ ನಿಲ್ತಾರೇನೋ? ವಾರ ಆದ್ಮೇಲೂ ನಿಂತು ಬಡಿಸಿದ್ರೆ ಗಂಟುಮೂಟೆ ಕಟ್ಟು ಅಂತ ಅರ್ಥ. ಅತ್ತೆ ಬೈಯೋದು ಅಪ್ಪಂಗೆ, ನಂಗೆ, ಬೆಕ್ಕಿಗೆ. ಇವತ್ತು ನಿನ್ನನ್ನೂ ಸೇರಿಸ್ಕೊಂಡ್ರು." ಅವಳ ನಗು ನಿಂತಿತು. "ಆ ಕಪ್ಪು ನಮ್ಮಮ್ಮಂದು. ಅಮ್ಮ ಹೋದ್ಮೇಲೆ ಅತ್ತೆ ಅದನ್ನ ಯಾರಿಗೂ ಕೊಟ್ಟಿರ್ಲಿಲ್ಲ."

ಎದೆಯ ಮೇಲಿದ್ದ ಇಟ್ಟಿಗೆಗಳನ್ನೆಲ್ಲ ಯಾರೋ ಒಂದೊಂದಾಗಿ ಇಳಿಸಿದಂತಾಯಿತು. ಅವನು ಚೀಲ ಕೆಳಗಿಟ್ಟು ಉಸಿರು ಬಿಟ್ಟ. ಬಸ್ಸು ಬಂದು ನಿಂತಿತು.

"ಹತ್ತೋರ್ಯಾರು?" ಕಂಡಕ್ಟರ್ ಕೂಗಿದ.

"ಯಾರೂ ಇಲ್ಲ," ಎಂದಳು ಅವಳು. ಬಸ್ಸು ಹೋಯಿತು.

"ನಿನ್ನನ್ನ ಅತ್ತೆ ಕಳಿಸಿದ್ರಾ?"

ಅವಳು ಬೆರಳಿನ ಹಿಟ್ಟು ಕೆರೆಯುತ್ತ ಹೇಳಿದಳು: "ಕಳಿಸಿದ್ದು ಅತ್ತೆ. ಓಡಿದ್ದು ನಾನೇ."

ಅವನು ಚೀಲ ಎತ್ತಿಕೊಂಡು ಮನೆಯತ್ತ ತಿರುಗಿದ.

"ಒಲೆ ಮುಗಿದ್ಮೇಲೂ ನಾನು ಇಲ್ಲೇ ಇದ್ಬಿಡ್ಲಾ?"

"ಅದನ್ನ ಅಪ್ಪನ್ನ ಕೇಳು. ಜೋರಾಗಿ ಕೇಳ್ಬೇಕು ಮತ್ತೆ, ಅವರಿಗೆ ಕಿವಿ ಮಂದ."

ಬೇಕರಿಯಲ್ಲಿ ಬೆಳಗಿನ ಗಿರಾಕಿಗಳ ಸಾಲು ಬಾಗಿಲವರೆಗೂ ಇತ್ತು. ಅವಳು ಕೌಂಟರಿನ ಹಿಂದೆ ಹೋಗಿ ನಿಂತಳು. ಅವನು ಯಜಮಾನರ ಹತ್ತಿರ ಬಾಗಿ, ಬಾಯೊಳಗೇ ಗೊಣಗಿದ:

"ನಿಮ್ಮ ಮಗಳು ಬೇಕು."

"ಮರಳು ಬೇಕಾ? ಹಿತ್ತಲಲ್ಲಿ ಎರಡು ಮೂಟೆ ಇದ್ಯಲ್ಲ, ತಗೋ."

"ಮರಳಲ್ಲ..."

"ಅಷ್ಟು ಸಾಲಲ್ವಾ? ನಾಳೆ ತರಿಸ್ತೀನಿ ಬಿಡು."

"ಮರಳಲ್ಲ! ಮಗಳು! ಮದುವೆ ಆಗ್ತೀನಿ!"

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಅಡುಗೆಮನೆ ಬಾಗಿಲಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಜಮಾನರು ಕೈಯಲ್ಲಿದ್ದ ಟ್ರೇಯನ್ನು ನಿಧಾನವಾಗಿ ಇಳಿಸಿದರು.

"ಅವಳನ್ನ ಕೇಳಿದೀಯಾ?"

ಕೇಳಿರಲಿಲ್ಲ. ಇರಲಾ ಎಂದು ಕೇಳಿದ್ದನೇ ಹೊರತು ಇದನ್ನು ಕೇಳಿರಲಿಲ್ಲ. ಅವನು ತಿರುಗಿದ. ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದ ಅವಳ ಕೈ ಹಾಗೇ ನಿಂತಿತ್ತು. ಕಿವಿಯವರೆಗೂ ಕೆಂಪಾಗಿದ್ದಳು.

"ಬೇಗ ಹೇಳಮ್ಮ, ನಂಗೆ ಆಫೀಸಿಗೆ ಹೊತ್ತಾಯ್ತು," ಎಂದರು ಸಾಲಿನ ಮೊದಲ ಗಿರಾಕಿ.

ಅವಳು ಅಪ್ಪನತ್ತ ನೋಡಿದಳು, ಅವನತ್ತ ನೋಡಿದಳು. ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಮೆಲ್ಲಗೆ, "ಹೂಂ," ಎಂದಳು.

ಯಜಮಾನರಿಗೆ ಮೊದಲ ಸಲಕ್ಕೇ ಕೇಳಿಸಿತು.