ಗಿಣಿಹಸಿರು ಸೀರೆಯ ವಿಳಾಸ

ಇಳಕಲ್ಲಿನ ಏಕಮಗ್ಗ ಮಾತನಾಡುವುದು ಕಡಿಮೆ. ಗಿರಾಕಿ ಬಂದು ಬೇಕಾದ ಬಣ್ಣ, ಅಂಚು, ಸೆರಗು ಹೇಳಿದರೆ ಸ್ವಲ್ಪ ಹೊತ್ತು ಯೋಚಿಸುತ್ತದೆ. ಅಂಥ ಸೀರೆ ತಾನು ಹಿಂದೆ ನೇಯ್ದಿಲ್ಲವಾದರೆ ನೇಯುತ್ತದೆ. ನೇಯ್ದಿದ್ದರೆ ಆ ಸೀರೆ ಈಗ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತದೆ. ಮದುವೆಮನೆಯಲ್ಲಿ ಒಂದೇ ಬಗೆಯ ಸೀರೆ ಉಟ್ಟ ಇಬ್ಬರು ಎದುರಾದಾಗ ಆಗುವ ಸಂಕಟಕ್ಕೆ ಪರಿಹಾರವಾಗಿ ಹುಟ್ಟಿದ ಯಂತ್ರವಿದು. ಹದಿನೈದು ವರ್ಷಗಳಿಂದ ಊರಿನ ಮದುವೆಗಳಲ್ಲಿ ಆ ಒಂದು ಜಗಳ ನಿಂತಿದೆ. ಉಳಿದವು ನಡೆಯುತ್ತಲೇ ಇವೆ.

ಆ ದಿನ ಮಗ್ಗದ ಮುಂದೆ ನಿಂತವಳು ನಿಂಬೆವ್ವ. ತೀರಿಹೋದ ತಾಯಿ ಇದೇ ಮಗ್ಗದಲ್ಲಿ ನೇಯಿಸಿಕೊಂಡಿದ್ದ ಗಿಣಿಹಸಿರು ಸೀರೆಯಂಥದ್ದೇ ಇನ್ನೊಂದು ಅವಳಿಗೆ ಬೇಕಿತ್ತು. ತಾಯಿ ಸತ್ತ ಮೇಲೆ ಆ ಸೀರೆ ಪೆಟ್ಟಿಗೆಯಲ್ಲಿ ಸಿಗಲಿಲ್ಲ. ಗುಳೇದಗುಡ್ಡದ ತಂಗಿ ಗುರುಬಸವ್ವ ಒಯ್ದಳೆಂದು ನಿಂಬೆವ್ವ, ಅಕ್ಕನೇ ಬಚ್ಚಿಟ್ಟಳೆಂದು ಗುರುಬಸವ್ವ. ಒಂಬತ್ತು ವರ್ಷಗಳಿಂದ ಅಕ್ಕತಂಗಿಯರಲ್ಲಿ ಮಾತಿಲ್ಲ. ಬರುವ ತಿಂಗಳು ನಿಂಬೆವ್ವನ ಮಗಳ ಮದುವೆ. ಚಿಕ್ಕಮ್ಮನಿಲ್ಲದೆ ಮದುವೆ ಮಾಡಲು ಅವಳಿಗೆ ಮನಸ್ಸಿಲ್ಲ, ತಾನಾಗಿ ಸೋಲಲೂ ಮನಸ್ಸಿಲ್ಲ. ಇನ್ನೊಂದು ಸೀರೆ ಸಿಕ್ಕರೆ, ಹಳೆಯದನ್ನು ನೀನೇ ಇಟ್ಟುಕೋ ಎಂದು ದೊಡ್ಡತನ ತೋರಿಸಿ ಕರೆಯಬಹುದಿತ್ತು.

"ಈ ಸೀರೆ ಇದೆ. ಮತ್ತೆ ನೇಯುವುದಿಲ್ಲ," ಎಂದಿತು ಮಗ್ಗ.

"ಇಷ್ಟ ಹಟಾ ಯಾರ್ರಿ ಕಲಿಸಿದ್ದು ಇದಕ್ಕ?"

"ನಾನ ಕಲಿಸೀನ್ರಿ ಅಕ್ಕಾರ," ಎಂದು ನಕ್ಕರು ಮಗ್ಗವನ್ನು ರೂಪಿಸಿದ ವಿಜ್ಞಾನಿ ಇಂದುಧರ ಮುರಾಳ.

ಅವರು ವಿವರಿಸಿದ್ದು ಇಷ್ಟು. ಗಣಕಕ್ಕೆ ಪಾಠ ಬರೆಯುವವರು ವಸ್ತುವಿನ ನಕ್ಷೆಯನ್ನು 'ವರ್ಗ' ಎನ್ನುತ್ತಾರೆ. ನಕ್ಷೆಯಂತೆ ತಯಾರಾದದ್ದು ಅದರ 'ನಿದರ್ಶನ'. ಸಾಮಾನ್ಯವಾಗಿ ಒಂದು ವರ್ಗದಿಂದ ಸಾವಿರ ನಿದರ್ಶನ ಮಾಡಬಹುದು. ಮುರಾಳರು ನಿದರ್ಶನ ಹುಟ್ಟುವ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಕೇಳುವವರಿಗೆಂದು ಒಂದೇ ಕಿಟಕಿ ಬಿಟ್ಟಿದ್ದರು. ಮೊದಲ ಸಲ ಕೇಳಿದಾಗ ವಸ್ತು ಹುಟ್ಟುತ್ತದೆ. ಆಮೇಲೆ ಯಾರು ಕೇಳಿದರೂ ಅದೇ ವಸ್ತುವಿನ ವಿಳಾಸ ಸಿಗುತ್ತದೆ. ಇದು 'ಏಕನಿದರ್ಶನ ನಿಯಮ'. ಸೀರೆಯ ಉದ್ದಕ್ಕೂ ಸಂಖ್ಯೆ ಹೊತ್ತ ಗುರುತಿನ ಎಳೆಗಳಿರುತ್ತವೆ. ಮಗ್ಗ ಕರೆದರೆ ಅವು ಓಗೊಡುತ್ತವೆ. ಸೀರೆ ಸುಟ್ಟು ಬೂದಿಯಾಗಿ ಒಂದೆಳೆಯೂ ಓಗೊಡದಿದ್ದರೆ ಮಾತ್ರ ಮತ್ತೆ ನೇಯಲು ಅನುಮತಿ.

"ಅಂದ್ರ ಊರಿಗೊಬ್ಬಾಕಿ ಗ್ರಾಮದೇವಿ ದ್ಯಾಮವ್ವ ಇದ್ದಂಗ," ಎಂದಳು ನಿಂಬೆವ್ವ. "ಯಾವ ಓಣಿಯವ್ರು ಕರದ್ರೂ ಅಕಿನ ಬರಬೇಕು."

ಇದನ್ನು ತಿಳಿಸಲು ಕಾಲೇಜಿನಲ್ಲಿ ಮುರಾಳರಿಗೆ ಒಂದು ವಾರ ಹಿಡಿಯುತ್ತಿತ್ತು.

ಪರದೆಯಲ್ಲಿ ಗುಳೇದಗುಡ್ಡದ ಮೇಲೆ ಒಂದು ಚುಕ್ಕಿ ಮೂಡಿತು. ನಿಂಬೆವ್ವ ಅದರತ್ತ ಬೆರಳು ಚಾಚಿದಳು. "ನೋಡ್ರಿ ಮತ್ತ. ಅಕಿ ಮನ್ಯಾಗ ಐತಿ ಅಂತ ನಾ ಅವತ್ತ ಹೇಳಿದ್ದೆ."

ಅಷ್ಟರಲ್ಲಿ ಎರಡನೆಯ ಚುಕ್ಕಿ ಮೂಡಿತು. ಅದು ಇಳಕಲ್ಲಿನಲ್ಲಿ, ನಿಂಬೆವ್ವನ ಮನೆಯ ಮೇಲೆಯೇ ಇತ್ತು.

ಮುರಾಳರು ಧಾವಿಸಿ ಪರದೆಯ ಮುಂದೆ ಕೂತರು. ಒಂದೇ ಇರಬೇಕಾದದ್ದು ಎರಡಾಗಿದ್ದರೆ ಅವರ ಹದಿನೈದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಗಡಿಬಿಡಿಯಿಂದ ಎಳೆಗಳ ಸಂಖ್ಯೆ ಓದಿದರು. ಇಲ್ಲಿಯವು ಒಂದರಿಂದ ಶುರುವಾಗಿ ನಡುವಿಗೆ ನಿಂತಿದ್ದವು. ಅಲ್ಲಿಯವು ಆ ಮುಂದಿನ ಸಂಖ್ಯೆಯಿಂದ ಹೊರಟು ಸೆರಗಿನಲ್ಲಿ ಮುಗಿದಿದ್ದವು. ಒಂದು ಸಂಖ್ಯೆಯೂ ಎರಡು ಸಲ ಬಂದಿರಲಿಲ್ಲ.

"ಸೀರಿ ಒಂದ ಐತ್ರಿ ಅಕ್ಕಾರ," ಎಂದು ಉಸಿರು ಬಿಟ್ಟರು. "ಯಾರೋ ನಡಕ ಕತ್ತರಿಸ್ಯಾರ."

ಪತ್ತೆಯಂತ್ರ ಹಿಡಿದು ಇಬ್ಬರೂ ನಿಂಬೆವ್ವನ ಮನೆಗೆ ಹೋದರು. ಯಂತ್ರ ಪೆಟ್ಟಿಗೆಯನ್ನು ದಾಟಿ, ಕಪಾಟನ್ನು ದಾಟಿ, ಹಾಸಿಗೆಯ ಮೇಲಿನ ಕೌದಿಯ ಹತ್ತಿರ ಗುಂಯ್‌ಗುಟ್ಟಿತು. ಹಳೆಯ ಸೀರೆಗಳನ್ನು ಪದರಪದರವಾಗಿ ಒಳಗಿಟ್ಟು ಹೊಲಿದ ಹೊದಿಕೆ ಅದು. ಸಾಯುವ ವರ್ಷ ಅವ್ವ ಕೂತು ಅಂಥ ಎರಡು ಕೌದಿ ಹೊಲಿದು, ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಕೊಟ್ಟಿದ್ದಳು. ನಿಂಬೆವ್ವ ಒಂದು ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿದಳು. ಒಳಗೆ ಗಿಣಿಹಸಿರು ಕಾಣಿಸಿತು.

ಅವಳು ಆ ಬಣ್ಣದ ಮೇಲೆ ಬೆರಳಾಡಿಸಿದಳು. "ಒಂಬತ್ತ ವರ್ಷ ಇದನ್ನ ಹೊತಗೊಂಡ ಮಲಗಿ ತಂಗಿಗಿ ಕಳ್ಳಿ ಅಂದೆನಲ್ರಿ," ಎಂದಳು. ಅವಳಿಗೆ ವಿಪರೀತ ನಾಚಿಕೆಯಾಗಿತ್ತು.

ಮುರಾಳರಿಗೂ ಸಮಾಧಾನವಿರಲಿಲ್ಲ. ಸೀರೆ ಹಳೆಯದಾದರೆ ಒಂದು ದಿನ ನಾಶವಾಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಈ ಸೀಮೆಯಲ್ಲಿ ಸೀರೆ ನಾಶವಾಗುವುದಿಲ್ಲ, ಕೌದಿಯಾಗುತ್ತದೆ ಎಂಬುದು ಅವರ ತಾಯಿಗೂ ಗೊತ್ತಿದ್ದ ಸಂಗತಿ, ಅವರು ಕೇಳಿರಲಿಲ್ಲ. "ಬೇಕಂದ್ರ ನಿಯಮಾ ಬದಲ ಮಾಡಿ ಹೊಸಾದು ನೇಯ್ಸಿ ಕೊಡ್ತೀನ್ರಿ," ಎಂದರು.

"ಬ್ಯಾಡ್ರಿ ಸರ. ಈಗ ಗುಳೇದಗುಡ್ಡಕ್ಕ ಬಸ್ ಎಷ್ಟಕ್ಕೈತಿ, ಅದನ್ನಷ್ಟ ಹೇಳ್ರಿ."

ಮಧ್ಯಾಹ್ನ ಗುರುಬಸವ್ವ ಬಾಗಿಲು ತೆರೆದಾಗ ಅಕ್ಕ ಕೌದಿ ಅವಚಿಕೊಂಡು ನಿಂತಿದ್ದಳು. ತಂಗಿ ಒಳಗೆ ಕರೆಯಲೂ ಇಲ್ಲ, ಕಳಿಸಲೂ ಇಲ್ಲ. ನಿಂಬೆವ್ವ ಬಿಚ್ಚಿದ ಮೂಲೆಯನ್ನು ತೋರಿಸಿದಳು. ಗುರುಬಸವ್ವ ಒಳಗೆ ಹೋಗಿ ತನ್ನ ಕೌದಿ ತಂದು, ಹಲ್ಲಿನಿಂದ ದಾರ ಕಡಿದು ನೋಡಿದಳು. ಅದೇ ಸೀರೆಯ ಕೆಂಪು ಸೆರಗು ಹೊರಬಂತು.

ಅದನ್ನು ಅಕ್ಕನ ಕೌದಿಯ ಪಕ್ಕಕ್ಕೆ ಹಿಡಿದು ಗುರುಬಸವ್ವ ಅಂದಳು. "ನಿನ್ನ ಮನ್ಯಾಗ ಐತಿ ಅಂತ ನಾ ಅಂದೆ. ನನ್ನ ಮನ್ಯಾಗ ಐತಿ ಅಂತ ನೀ ಅಂದಿ. ಇಬ್ರೂ ಖರೇನ ಹೇಳೀವಲ್ಲ ಯಕ್ಕಾ."

"ಅವ್ವ ನಮಗ ಒಂದ ಮಾತ ಹೇಳಬಾರದಿತ್ತೇನ?"

"ಹೇಳಿದ್ಳು. ಸಾಯೂ ಮುಂದ, ಆ ಸೀರಿ ಇಬ್ರಿಗೂ ಕೊಟ್ಟೀನಿ ಅಂದ್ಳು. ಅಕಿಗೆ ಬುದ್ಧಿ ಸ್ಥಿರ ಇಲ್ಲ ಅಂದವ್ರು ನಾವ."